ಮುಂದಿನ ಗ್ವಾಡಿಗೆ ಯಾವ ಬಣ್ಣ

"ರೋಲರ್ ಒಣಗ್ಲತ್ತದ, ಪೂನಮಬಾಯಿ. ಹಸಿರಂತೀರೋ, ಹಳದಿ ಅಂತೀರೋ, ಏನರೆ ಒಂದು ಹೇಳಿಬಿಡ್ರಿ."

ಏಣಿಯ ಮೇಲಿಂದ ಬಾಬುಮಿಯಾ ಹೀಗೆ ಅಂದಾಗ ಪೂನಮ ಕೆಳಗೆ ಮರಳಿನ ಗುಂಪಿಯ ಪಕ್ಕ ನಿಂತು ಮೊಬೈಲು ನೋಡುತ್ತಿದ್ದಳು. ಬಿಸಿಲಿಗೆ ಪರದೆ ಕಾಣದೆ ಸೆರಗನ್ನೇ ಚಪ್ಪರ ಮಾಡಿಕೊಂಡಿದ್ದಳು.

"ಒಂದ ನಿಮಿಷ ಚಾಚಾ."

"ಮುಂಜಾನಿಂದ ಅದೇ ಒಂದ ನಿಮಿಷ ನಡದದ."

ಅವನು ಬ್ಯಾಸರಾಗಿ ಅಂದನೋ ಚೇಷ್ಟಿಗೆ ಅಂದನೋ ಪೂನಮಳಿಗೆ ತಿಳಿಯಲಿಲ್ಲ. ಇತ್ತೀಚೆಗೆ ಯಾರು ಏನಂದರೂ ಅವಳಿಗೆ ಇದೇ ತ್ರಾಸು. ಮಾತು ಕಿವಿಗೆ ಬೀಳುತ್ತದೆ, ಅದರ ಹಿಂದಿನ ಮುಖ ಮಾತ್ರ ಕಾಣುವುದಿಲ್ಲ.

ಭಾಲ್ಕಿಯಲ್ಲಿ ಬೀದರ ರಸ್ತೆಯಿಂದ ಜರಾ ಒಳಗೆ, ಹೊಸ ಪ್ಲಾಟುಗಳ ನಡುವೆ ಎದ್ದ ಮನೆ ಅದು. ಒಳಗಿನ ಗೋಡೆ ಆಗಿದ್ದವು, ಅಡುಗೆಮನೆಯ ಟೈಲ್ಸು ಆಗಿತ್ತು, ಗೇಟಿಗೆ ಬಣ್ಣ ಆಗಿತ್ತು. ಶುಕ್ರವಾರ ವಾಸ್ತುಶಾಂತಿ, ಬಂಧು ಬಳಗಕ್ಕೆಲ್ಲ ಹೇಳಿಯೂ ಆಗಿತ್ತು. ಉಳಿದದ್ದು ಒಂದೇ, ರಸ್ತೆಗೆ ಕಾಣುವ ಮುಂದಿನ ಗೋಡೆ. ಅದರ ಅರ್ಧದಷ್ಟು ತಿಳಿ ಹಸಿರು ಬಳಿದು ನಿಂತಿತ್ತು. ಮಿಕ್ಕ ಬಿಳಿ ಪ್ರೈಮರಿನ ಮೇಲೆ ಹಳದಿಯ ಒಂದು ಚೌಕ, ನೀಲಿಯ ಒಂದು ಚೌಕ, ಗುಲಾಬಿ ಒಂದು, ಬೂದಿ ಬಣ್ಣದ ಒಂದು. ದಾರಿಯಲ್ಲಿ ಹೋಗುವವರೆಲ್ಲ ಅಲ್ಲಿ ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಹಾಲಿನವನು ಹಳದಿ ಅಂದ. ಎದುರಿನ ಪ್ಲಾಟಿನ ವಾಚಮನ್ ದಸ್ತಗೀರ "ಗುಲಾಬಿ ಹಚ್ಚಿದ್ರ ಬ್ಯೂಟಿ ಪಾರ್ಲರ್ ಅಂತ ಹೆಣ್ಮಕ್ಕಳು ಬಂದು ಬಾಗಲಾ ಬಡೀತಾರ ನೋಡ್ರಿ" ಅಂದ. ಯಾರೋ ಗುರುತಿಲ್ಲದವರು ಬೈಕಿನ ಮೇಲಿಂದಲೇ "ಬೂದಿ ಬ್ಯಾಡ್ರಿ, ಮನಿಗೆ ಬೂದಿ ಬಡಕೊಂಡಂಗ!" ಅಂತ ಕೂಗಿ ಹೋಗಿಯೇಬಿಟ್ಟರು.

"ನೋಡ್ರಿ, ಪುಕ್ಕಟ ಸಲಹಾ," ಅಂದ ಬಾಬುಮಿಯಾ. "ಗ್ವಾಡಿಗೆ ಬಳಿಯೋ ಪುಟ್ಟಿಗೂ ರೊಕ್ಕ ಕೊಡಬೇಕು, ಇದಕ್ಕ ಏನೂ ಇಲ್ಲ."

ಅರ್ಧ ಗೋಡೆಯ ಆ ಹಸಿರು ಎಲ್ಲಿಂದ ಬಂತು ಅನ್ನೋದನ್ನ ಹೇಳಬೇಕು.

ಪೂನಮ ಊರಿನ ಒಂದು ಖಾಸಗಿ ದವಾಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಎಂಥಾ ಅಳುವ ಮಗುವಿನ ಕೈಯಿಂದಲೂ ಸೂಜಿ ಚುಚ್ಚಿದ್ದು ಗೊತ್ತಾಗದ ಹಾಗೆ ರಕ್ತ ತೆಗೆಯುತ್ತಾಳೆ, ಕೈ ನಡುಗುವುದಿಲ್ಲ. ಆದರೆ ಮೊಬೈಲು 'ಟಿಣ್' ಅಂದರೆ ಎದೆ ಢವಢವ. ಇದು ಸುರುವಾದದ್ದು ಮೈದುನನ ಮದುವೆಯಲ್ಲಿ, ಉದಗೀರಿನಲ್ಲಿ. ಅರಿಶಿಣದ ದಿವಸ ಎಲ್ಲಾರೂ ಎಳೆದರೆಂದು ಅವಳೂ ನಾಲ್ಕು ಹೆಜ್ಜೆ ಕುಣಿದಿದ್ದಳು. ಸೆರಗು ಕುರ್ಚಿಗೆ ಸಿಕ್ಕಿ ಕುರ್ಚಿಯೂ ಅವಳ ಹಿಂದೆ ಕುಣಿಯುತ್ತ ಬಂದಿತ್ತು. ಅದನ್ನು ಯಾರೋ ವಿಡಿಯೋ ಮಾಡಿ, "ನಮ್ಮ ಭಾಲ್ಕಿ ಹೀರೋಯಿನ್, ಕುರ್ಚಿ ಹೀರೋ" ಅಂತ ಬರೆದು ಮನೆತನದ ಗ್ರೂಪಿಗೆ ಹಾಕಿದರು. ಕೆಳಗೆ ನಗುವ ಮುಖಗಳ ಸಾಲೋ ಸಾಲು. ಕಣ್ಣಲ್ಲಿ ನೀರು ಬರುವ ಹಾಗೆ ನಗುವ ಆ ಹಳದಿ ಮುಖಗಳು. ಎದುರಿಗೆ ಸಿಕ್ಕಾಗ ಎಲ್ಲರೂ ಪ್ರೀತಿಯಿಂದಲೇ ಮಾತಾಡಿದರು. ಹಾಗಾದರೆ ಆ ನಗು ಪ್ರೀತಿಯದೋ, ಏನು? ಕೇಳುವುದು ಹ್ಯಾಂಗೆ? "ಚೇಷ್ಟಿನೂ ತಿಳಿಯಂಗಿಲ್ಲೇನು ಈಕಿಗೆ" ಅಂದಾರು.

ಆಮೇಲೆ ಅವಳಿಗೆ ಸಮಾಧಾನ ಸಿಕ್ಕಿದ್ದು ಮನೆಗಳ ಚಿತ್ರಗಳಲ್ಲಿ. ಲ್ಯಾಬಿನ ಮಧ್ಯಾಹ್ನದ ಬಿಡುವಿನಲ್ಲಿ ಮೊಬೈಲಿನಲ್ಲಿ ಅವನ್ನು ತೆರೆದು ಕೂಡುತ್ತಿದ್ದಳು. ಯಾವುದೋ ದೇಶ, ಯಾವುದೋ ಚಳಿ ಊರು. ಒಂದು ಖಾಲಿ ಗೋಡೆ, ಒಂದು ಕುರ್ಚಿ, ಖಿಡಕಿಯ ಹತ್ತಿರ ಒಂದು ಗಿಡ. ಆ ಚಿತ್ರಗಳಲ್ಲಿ ಮನುಷ್ಯರೇ ಇಲ್ಲ, ಹಾಗಾಗಿ ಯಾರೂ ನಗುವುದೂ ಇಲ್ಲ. ನೋಡುತ್ತ ನೋಡುತ್ತ ಉಸಿರು ಸಾವಕಾಶ ಆಗುತ್ತಿತ್ತು. ಮನೆ ಅಲಂಕಾರದ ಒಂದು ಹೆಂಗಸರ ಬಳಗವನ್ನೂ ಆನ್‌ಲೈನಿನಲ್ಲಿ ಹುಡುಕಿ ಸೇರಿದಳು. ಹಾಸನದವರು, ದಾವಣಗೆರೆಯವರು, ಮುಖ ನೋಡದವರು, "ಎಷ್ಟು ನೆಮ್ಮದಿಯಾಗಿದೆ ಸಿಸ್" ಅನ್ನುವವರು. ಆ 'ಸಿಸ್' ಅನ್ನುವ ಮಾತು ಪೂನಮಳಿಗೆ ಮೊದಮೊದಲು ಪ್ರೆಶರ್ ಕುಕ್ಕರಿನ ಸದ್ದಿನ ಹಾಗೆ ಕೇಳಿಸಿತು. ಆಮೇಲೆ ಅದೂ ರೂಢಿ ಆಯಿತು.

ಆ ಚಿತ್ರಗಳಲ್ಲಿ ಅವಳು ಮತ್ತೆ ಮತ್ತೆ ನಿಲ್ಲುತ್ತಿದ್ದದ್ದು ಒಂದು ತಿಳಿ ಹಸಿರು ಗೋಡೆಯ ಮುಂದೆ. ಮಳೆ ನಿಂತ ಮೇಲೆ ಬೇವಿನ ಎಲೆಯ ಹಿಂಬದಿ ಇರುತ್ತದಲ್ಲ, ಹಾಗೆ. ಗಂಡ ಸಾರಂಗ ಬೀದರಿನ ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಒಂದು ಶನಿವಾರ ಅವನ ಜೊತೆ ಹೋಗಿ ಅಲ್ಲಿಯ ಚೌಬಾರಾದ ಹತ್ತಿರ ಅಬ್ದುಲ ಗಫೂರನ ಬಣ್ಣದ ಅಂಗಡಿಯಲ್ಲಿ ಆ ಚಿತ್ರ ತೋರಿಸಿದಳು.

"ಮೊಬೈಲಿನ ಬಣ್ಣ ಬ್ಯಾರೆ, ಗ್ವಾಡಿ ಬಣ್ಣ ಬ್ಯಾರೆ ಬಾಯಿ," ಅಂದ ಗಫೂರ. "ಮನಿಗೆ ಹೋದ ಮ್ಯಾಲ 'ಹಿಂಗ್ಯಾಕ' ಅಂತ ಫೋನ್ ಮಾಡಬ್ಯಾಡ್ರಿ."

"ನಿನಗ ಯಾವದು ಬೇಕೋ ಅದು ತಗೋ," ಅಂದ ಸಾರಂಗ. ಹದಿನೈದು ವರ್ಷದಿಂದ ಎಲ್ಲದಕ್ಕೂ ಅವನದು ಅದೇ ಮಾತು. ಒಳ್ಳೆಯ ಮಾತೇ ಅದು, ಆದರೆ ಹಿಡಿದುಕೊಳ್ಳಲು ಅದರಲ್ಲಿ ಏನೂ ಇರುವುದಿಲ್ಲ.

ಮೊದಲ ದಿನ ಬಾಬುಮಿಯಾ ಅರ್ಧ ಗೋಡೆ ಮುಗಿಸಿದಾಗ ಸಂಜೆಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಪೂನಮ ಒಂದು ಫೋಟೋ ತೆಗೆದಳು. ಏಣಿಯ ಮೇಲೆ ಬಾಬುಮಿಯಾನೂ ಬಂದ, ತಲೆಯ ಮೇಲಿನ ಬಿಳಿ ಟೊಪ್ಪಿಗೆ, ಎದೆ ಮುಟ್ಟುವ ಗಡ್ಡ, ಕೈಯಲ್ಲಿ ರೋಲರ್. ಆ ಫೋಟೋ ಬಳಗಕ್ಕೆ ಹಾಕಿದಳು. "ಎಷ್ಟು ನೆಮ್ಮದಿ ಸಿಸ್" ಬಂತು. ಅಷ್ಟಕ್ಕೇ ಬಿಡಬೇಕಿತ್ತು. ಬಿಡದೆ ಫೇಸ್‌ಬುಕ್ಕಿಗೂ ಹಾಕಿ, "ನಮ್ಮ ಹೊಸ ಮನಿ, ಬಣ್ಣ ಹ್ಯಾಂಗದ?" ಅಂತ ಬರೆದಳು.

ಮೊದಲು ಬಂದ ಮೆಚ್ಚುಗೆ ಜೇಬಾಳದು. ಜೇಬಾ ಅಂದರೆ ಬಾಬುಮಿಯಾನ ಮಗಳು, ಡಿಗ್ರಿ ಓದುವ ಹುಡುಗಿ. ಅದರ ಹಿಂದೆಯೇ ಕಮಲನಗರದಿಂದ ತುಷಾರ ಬರೆದ. ಅವನು ಸಾರಂಗನ ಕಾಕಾನ ಮಗ, ಪೂನಮ ಅವನಿಗೆ ಅತ್ತಿಗೆ.

"ವೈನಿ, ಇದು ಯಾವ ದರ್ಗಾ? ಮುಜಾವರನೂ ಏಣಿ ಮ್ಯಾಲ ಅದಾನಲ್ಲ!"

ಕೆಳಗೆ ನಗುವ ಮುಖಗಳು ಸುರುವಾದವು. ಉದಗೀರಿನ ಅತ್ತಿಗೆ, ಸಾರಂಗನ ಬೀದರಿನ ಷಡ್ಡಕ, ಯಾರ ಯಾರೋ. ಪೂನಮ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಸಿಟ್ಟಾಗ್ಯಾಳ ಅಂತಾರೆ. ಎದುರು ಬರೆದರೆ ಇದ್ದದ್ದನ್ನು ದೊಡ್ಡದು ಮಾಡಿದಳು ಅಂತಾರೆ. ಬೆರಳು ತಾನೇ ಹೋಗಿ ತುಷಾರನ ಮಾತಿನ ಕೆಳಗೆ ಒಂದು ನಗುವ ಮುಖ ಒತ್ತಿತು.

ಮರುದಿನ ಮುಂಜಾನೆ ಎದ್ದವಳೇ ಆ ಫೋಟೋ ಅಳಿಸಿಹಾಕಿದಳು. ಆದರೆ ಅಳಿಸುವ ಮೊದಲು ಜೇಬಾ ಮತ್ತೊಮ್ಮೆ ನೋಡಿದಳೋ ಇಲ್ಲವೋ? ನೋಡಿ ಅಪ್ಪನಿಗೆ ತೋರಿಸಿದಳೋ ಇಲ್ಲವೋ? ಬಾಬುಮಿಯಾ ಎಂದಿನ ಹಾಗೆ ಬಂದ, ಚಹಾ ಕುಡಿದ, ಡಬ್ಬಿ ತೆರೆದ. ಪೂನಮ ಹಸಿರು ನಿಲ್ಲಿಸಲು ಹೇಳಿದಳು. "ಯಾಕ್ರಿ?" ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಕೇಳದಿದ್ದಕ್ಕೆ ಅವನಿಗೆ ಎಲ್ಲಾ ಗೊತ್ತಿದೆ ಅಂತಲೋ, ಗೊತ್ತಿಲ್ಲ ಅಂತಲೋ ಅವಳಿಗೆ ಇನ್ನೂ ಲೆಕ್ಕ ಹತ್ತಿರಲಿಲ್ಲ. ಅಂದಿನಿಂದ ಒಂದೊಂದೇ ಚೌಕ ಹಚ್ಚಿಸುವುದು, ಫೋಟೋ ತೆಗೆಯುವುದು, ಬಳಗಕ್ಕೆ ಕಳಿಸುವುದು, ಉತ್ತರ ಕಾಯುವುದು. ಹಳದಿಗೆ ಸರಕಾರಿ ಸಾಲಿ ಕಟ್ಟಡ ಅಂದರು. ನೀಲಿಗೆ ಯಾರೋ ಯಾವ ಪಾರ್ಟಿ ಆಫೀಸು ಅಂದರು. ಬಿಳಿಯೇ ಇರಲಿ ಅಂದರೆ ದವಾಖಾನೆಯಿಂದ ದವಾಖಾನೆಗೇ ಬಂದ ಹಾಗೆ. ಮೊದಲು ಸಮಾಧಾನ ಕೊಡುತ್ತಿದ್ದ ಆ ಖಾಲಿ ಕೋಣೆಗಳು ಕೂಡ ಈಗ "ನೀ ಏನ ಮಾಡಿದಿ?" ಅಂತ ಕೇಳಿದಂತೆ ಅನಿಸುತ್ತಿತ್ತು.

ಮಧ್ಯಾಹ್ನ ಔರಾದದ ಬಸ್ಸಿಗೆ ಅತ್ತೆ ಕಾಂತಾಬಾಯಿ ಇಳಿದು ಬಂದಳು. ಚೀಲದ ತುಂಬ ರೊಟ್ಟಿ, ಶೇಂಗಾ ಹಿಂಡಿ. ಗೇಟಿನಲ್ಲೇ ನಿಂತು ಹಣೆಗೆ ಕೈ ಅಡ್ಡ ಇಟ್ಟು ಗೋಡೆ ನೋಡಿದಳು.

"ಅಗಂ ಬಾಯಿ! ಇದೇನವ್ವಾ, ಗ್ವಾಡಿಗೆ ಚಿಂದಿ ಕೌದಿ ಹೊಚ್ಚೀಯಲ್ಲ!"

ಏಣಿಯ ಮೇಲಿಂದ ಬಾಬುಮಿಯಾ ನಕ್ಕ. "ಥಂಡಿ ಬಂದಿತ್ತ್ರಿ ಅವ್ವಾ ಗ್ವಾಡಿಗೆ."

"ನೀ ನಗಬ್ಯಾಡ ಬಾಬು. ಇಷ್ಟು ವರ್ಷ ಬಣ್ಣ ಹಚ್ಚಿದಾಂವ ನೀ, ಇಂಥದು ಹಚ್ಕೋ ಅಂತ ಹುಡುಗಿಗೆ ಹೇಳಬಾರ್ದೇನು?"

"ನನ್ನ ಮಾತು ಯಾರು ಕೇಳ್ತಾರ್ರಿ ಅವ್ವಾ. ನನ್ನ ಹೆಂಡ್ತಿ ಬಿಸ್ಮಿಲ್ಲಾಬೀ ಕೇಳಂಗಿಲ್ಲ. 'ಮಂದಿ ಮನಿಗೆಲ್ಲ ಬಣ್ಣ ಹಚ್ತಿ, ನಮ್ಮನಿ ಗ್ವಾಡಿ ಮಸಿ ಹಿಡದದ' ಅಂತ ದಿನಾ ಬೈತಾಳ."

ಕಾಂತಾಬಾಯಿ ಚೀಲ ಇಳಿಸಿ, ಹಸಿರಿನ ಹತ್ತಿರ ಹೋಗಿ ಬೆರಳಿನಿಂದ ಮುಟ್ಟಿ ನೋಡಿದಳು. "ಔರಾದದಾಗ ನಮ್ಮ ತಲಬಾಗಲ ಹಸಿರೇ ಇತ್ತು ನೋಡು. ನಿಮ್ಮ ಮಾವ ಹಚ್ಚಿದ್ದು."

ಪೂನಮಳ ಮುಖ ಅರಳಿತು. "ಖರೆ? ಹಸಿರೇ ಯಾಕ ಹಚ್ಚಿದ್ರು ಅತ್ತಿ?"

"ಯಾಕಂದ್ರ? ಅಂಗಡ್ಯಾಗ ಅವತ್ತ ಅದೊಂದೇ ಇತ್ತು."

"ಯಾರರೆ ಏನರೆ ಅಂದಿದ್ರೇನು?"

"ಬಾಗಲಾ ನೋಡಿ ಏನಂತಾರವ್ವಾ? ಒಳಗ ಬರ್ತಿದ್ರು, ಕೂಡ್ತಿದ್ರು, ಚಹಾ ಕುಡಿದು ಹೋಗ್ತಿದ್ರು."

"ಹಂಗಾರ ಹಸಿರೇ ಇರ್ಲೇನು?"

ಕಾಂತಾಬಾಯಿ ಎರಡು ಹೆಜ್ಜೆ ಹಿಂದೆ ಸರಿದು ಮತ್ತೊಮ್ಮೆ ನೋಡಿದಳು. ಮುಖ ಸಣ್ಣದಾಯಿತು. "ಬ್ಯಾಡವ್ವಾ. ಅದು ಬ್ಯಾರೆ ಕಾಲ. ಈಗ ಮಂದಿ ಒಂದಕ್ಕ ಹತ್ತು ಹಚ್ತಾರ. ನಿನ್ನೆ ತುಷಾರನ ಅವ್ವ ಫೋನ ಮಾಡಿ ಏನೇನೋ ಹೇಳಿ ನಗ್ಲತ್ತಿದ್ಲು." ಬಾಬುಮಿಯಾನ ಕಡೆ ಒಮ್ಮೆ ನೋಡಿ ಮಾತು ನುಂಗಿದಳು. ಆಮೇಲೆ ಸೊಸೆಯ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಅವರದಿರಲಿ. ನಿನಗ ಯಾವದು ಛಂದ ಕಾಣಸ್ತದ? ಅದನ್ನ ಹೇಳು."

ಪೂನಮ ಗೋಡೆ ನೋಡಿದಳು. ಹಸಿರು ನೋಡಿದರೆ ತುಷಾರ ಕಾಣುತ್ತಾನೆ. ಹಳದಿ ನೋಡಿದರೆ ಸಾಲಿಯ ಗಂಟೆ ಬಾರಿಸಿದ ಹಾಗೆ. ಗುಲಾಬಿ ನೋಡಿದರೆ ದಸ್ತಗೀರ ಹೇಳಿದ ಆ ಹೆಣ್ಣುಮಕ್ಕಳು. ಪ್ರತಿಯೊಂದು ಚೌಕದ ಒಳಗೂ ಯಾರೋ ಒಬ್ಬರು ಕೂತುಬಿಟ್ಟಿದ್ದರು. ಅವಳ ಸಲುವಾಗಿ ಒಂದೂ ಖಾಲಿ ಇರಲಿಲ್ಲ. ಗೊತ್ತಿಲ್ಲದೇ ಕೈ ಮೊಬೈಲಿಗೆ ಹೋಯಿತು.

"ಅದರಾಗ ಏನ ನೋಡ್ತಿ?" ಅಂದಳು ಕಾಂತಾಬಾಯಿ. "ನಿನಗ ಏನು ಛಂದ ಅನ್ನೋದು ಅದರಾಗ ಬರದದೇನು?"

ಉತ್ತರಕ್ಕೆ ಕಾಯದೆ ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಭಾಂಡೆಗಳ ಸದ್ದು ಕೇಳಿಸಿತು. ಹೊರಗೆ ಇವರಿಬ್ಬರೇ ಉಳಿದರು.

ಬಾಬುಮಿಯಾ ಏಣಿ ಇಳಿದು ರೋಲರನ್ನು ಬಕೆಟ್ಟಿನ ನೀರಲ್ಲಿ ಅದ್ದಿ, ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದ. ಪೂನಮ ಹೋಗಿ ಅವನಿಂದ ಸ್ವಲ್ಪ ದೂರದಲ್ಲಿ ನಿಂತಳು. ಅತ್ತೆ ನುಂಗಿದ ಮಾತು ಇವನಿಗೆ ತಿಳಿಯಿತೋ? ತಿಳಿಯದೆ ಇರುತ್ತದೆಯೇ? ಸುಮ್ಮನಿದ್ದರೆ ಶುಕ್ರವಾರ ಬರುತ್ತದೆ, ಇವನು ಬಕೆಟ್ಟು ಎತ್ತಿಕೊಂಡು ಹೋಗುತ್ತಾನೆ, ಮುಂದೆ ಬಜಾರಿನಲ್ಲಿ ಎದುರಾದಾಗಲೆಲ್ಲ ಇವಳು ಅವನ ಮುಖದಲ್ಲಿ ಆ ಹಳದಿ ಮುಖ ಹುಡುಕುತ್ತ ಇರಬೇಕು.

"ಚಾಚಾ, ಆ ಫೋಟೋದಾಗ..."

"ಹಾಂ, ನೋಡ್ದೆ. ಹೊಟ್ಟಿ ಭಾಳ ದೊಡ್ಡದು ಬಂದದ. ಕೆಳಗಿಂದ ತಗೀಬಾರ್ದ್ರಿ ಬಾಯಿ ದಪ್ಪ ಮಂದಿದು."

"ಜೇಬಾ ತೋರಿಸಿದ್ಲೇನು?"

"ತೋರಿಸಿದ್ಲು."

"ಎಲ್ಲಾ?"

"ಎಲ್ಲಾ ಓದಿ ಹೇಳಿದ್ಲು. ನನಗ ಕನ್ನಡ ಅಕ್ಷರ ಸಾವಕಾಶ ಬರ್ತಾವ, ಆಕಿ ಫಟಾಫಟ್ ಓದ್ತಾಳ."

"ನಾ ನಕ್ಕಿದ್ದೆ ಚಾಚಾ. ತುಷಾರ ಬರದದ್ದಕ್ಕ."

"ಗೊತ್ತದ."

"ಯಾಕ ನಕ್ಕೆ ಅಂತ ನನಗೇ ತಿಳೀವಲ್ದು. ನಗು ಬಂದಿರಲಿಲ್ಲ ನನಗ. ಖರೆ ಹೇಳ್ತೇನಿ, ಹೆದರಿಕಿ ಆಗಿತ್ತು."

ಬಾಬುಮಿಯಾ ಬೀಡಿಯ ಬೂದಿ ಕೊಡವಿದ. "ನನಗೂ ಅದೇ ತಿಳೀಲಿಲ್ಲ ನೋಡ್ರಿ. ಅವ ಯಾವನೋ ನನಗ ಮುಜಾವರ ಅಂದ, ಅನ್ನಲಿ. ದರ್ಗಾ ನೋಡ್ಕೊಳ್ಳಾಂವ ಅಂದ್ರೇನು ಬೈಗುಳಲ್ಲ. ಅಷ್ಟೂರದಾಗ ನನ್ನ ಸೋದರಮಾವನೇ ಮುಜಾವರ ಅದಾನ, ನನಕ್ಕಿಂತ ಛಂದ ಉಣ್ತಾನ. ಆದ್ರ ನಾ ಜೇಬಾಗ ಕೇಳ್ದೆ, ಪೂನಮಬಾಯಿ ಯಾಕ ನಕ್ಕಾಳ? ಮಧ್ಯಾಹ್ನ ನನಗ ಚಹಾ ಕೊಟ್ಟಾಕಿ, ಸಂಜಿಗೆ ಯಾಕ ನಕ್ಲು? ಅದಕ್ಕ ಆಕಿ ಅಂದ್ಲು, ಅಬ್ಬಾಜಾನ್, ಅಲ್ಲಿ ಎಲ್ಲಾರೂ ಹಂಗೇ ಒತ್ತತಾರ, ಅದಕ್ಕ ಅರ್ಥ ಇರಂಗಿಲ್ಲ ಅಂತ."

"ಹಂಗಂದ್ಲೇನು?"

"ಹಂಗಂದ್ಲು. ಅಂದು ಬಾಗಲಾ ಮುಚ್ಕೊಂಡು ಒಳಗ ಹೋದ್ಲು. ಊಟಕ್ಕ ಕರದ್ರೂ ಬರ್ಲಿಲ್ಲ." ಅವನು ತಲೆಯೆತ್ತಿ ಅವಳನ್ನು ನೋಡಿದ. ಮುಖದಲ್ಲಿ ಸಿಟ್ಟು ಇರಲಿಲ್ಲ. ಗೊತ್ತಿಲ್ಲದ ಊರಿನಲ್ಲಿ ದಾರಿ ಕೇಳುವವನ ಮುಖದಂತಿತ್ತು. "ಅರ್ಥ ಇಲ್ದ ನಗೋದು ಹ್ಯಾಂಗ ಬಾಯಿ? ನೀವು ಓದಿದೋರು, ನಿಮಗ ಗೊತ್ತಿರಬೇಕಂತ ಕೇಳ್ತೇನಿ."

ಚುಚ್ಚಿ ಕೇಳಿದ ಮಾತಾಗಿರಲಿಲ್ಲ ಅದು. ನಿಜವಾಗಿಯೂ ಕೇಳಿದ್ದ. ಉದಗೀರಿನ ಆ ನಗುವ ಮುಖಗಳ ಸಾಲಿನಲ್ಲೂ ಹೀಗೇ ಹೆದರಿ ಒತ್ತಿದವರು ಯಾರಾದರೂ ಇದ್ದರೇನೋ? ಇದ್ದಿದ್ದರೆ ಅದರಿಂದ ಇವಳಿಗೆ ಹಗುರಾಗಬೇಕಿತ್ತು. ಹಗುರಾಗಲಿಲ್ಲ.

"ನನಗ ಗೊತ್ತಿಲ್ಲ ಚಾಚಾ. ತಪ್ಪಾಯ್ತು."

"ಆಯ್ತು ಬಿಡ್ರಿ." ಅವನು ಬೀಡಿ ಆರಿಸಿದ. ಅದು ಕ್ಷಮಿಸಿದ 'ಆಯ್ತು'ವೋ, ಮಾತು ಸಾಕು ಅನ್ನುವ 'ಆಯ್ತು'ವೋ? "ಈಗ ಬಣ್ಣದ್ದು ಹೇಳ್ರಿ. ಹೊತ್ತು ಹೊಂಟದ."

"ಹಸಿರೇ ಹಚ್ರಿ."

ಬಾಬುಮಿಯಾ ಏಳಲಿಲ್ಲ. "ನನ್ನ ಸಲುವಾಗಿ ಆಗಿದ್ರ ಬ್ಯಾಡ್ರಿ. ನಾಳೆ ಮಂದಿ ನನಗೇ ಅಂತಾರ, ಬಾಬುಮಿಯಾ ಬೇಕಂತ ಹಸಿರು ಹಚ್ಚಿ ಬಂದಾನ ಅಂತ. ನಾ ನಾಕು ಮನಿ ಕೆಲಸಾ ಮಾಡಾಂವ."

ಇದು ಅವಳ ತಲೆಗೇ ಬಂದಿರಲಿಲ್ಲ. ಒಂದು ಗಂಟು ಬಿಚ್ಚಿತು ಅನ್ನುವಷ್ಟರಲ್ಲಿ ಇನ್ನೊಂದು. ಹಸಿರು ಹಚ್ಚಿದರೆ ಇವನಿಗೆ ಮಾತು, ಹಚ್ಚದಿದ್ದರೆ ತುಷಾರನಿಗೆ ಹೆದರಿದ ಹಾಗೆ. ಇದರ ನಡುವೆ ಅವಳಿಗೇನು ಬೇಕಿತ್ತು? ಏನಾದರೂ ಬೇಕಿತ್ತೇ? ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದಳು.

"ನಿಮ್ಮ ಸಲುವಾಗಿ ಹೌದೋ ಅಲ್ಲೋ ನನಗ ಬಗೀಹರೀವಲ್ದು ಚಾಚಾ," ಅಂದಳು ಕಡೆಗೆ. "ಒಂದು ಮಾತ್ರ ನೆನಪದ. ಅವತ್ತ ನೀವು ಅರ್ಧಾ ಹಚ್ಚಿ ಕೆಳಗ ಇಳದ್ರಿ ನೋಡ್ರಿ, ಬಿಸಿಲು ಬಿದ್ದಿತ್ತು. ನಾ ಇನ್ನೂ ಮೊಬೈಲ ತಗದಿರಲಿಲ್ಲ. ಆವಾಗ ಒಂದು ಗಳಿಗಿ ಭಾಳ ಛಂದ ಕಂಡಿತ್ತು."

"ಒಂದ ಗಳಿಗಿ?"

"ಒಂದೇ ಗಳಿಗಿ. ಆಮ್ಯಾಲ ಫೋಟೋ ತಗದೆ."

ಬಾಬುಮಿಯಾ ಗೋಡೆಯನ್ನು ನೋಡಿದ, ಅವಳನ್ನು ನೋಡಿದ. "ಇಷ್ಟು ದೊಡ್ಡ ಗ್ವಾಡಿಗೆ ಅಷ್ಟು ಸಾಕಾಗ್ತದಂತೀರಿ?"

"ಗೊತ್ತಿಲ್ರಿ. ನೀವಂತೂ ಹಚ್ರಿ. ಯಾರರೆ ಕೇಳಿದ್ರ ನಾ ಹೇಳ್ತೇನಿ, ನಾನೇ ಹಚ್ಚಿಸೇನಿ ಅಂತ. ತುಷಾರಗೂ ಹೇಳ್ತೇನಿ."

"ಇಲ್ಲಿ ಹೇಳ್ತೀರೋ, ಅದರಾಗ ಹೇಳ್ತೀರೋ?" ಅವನು ಗದ್ದದಿಂದ ಮೊಬೈಲಿನ ಕಡೆ ತೋರಿಸಿದ.

"ಎರಡೂ ಕಡೆ."

"ನೋಡೋಣಂತ," ಅಂದ ಬಾಬುಮಿಯಾ. ಮೊಣಕಾಲಿಗೆ ಕೈಕೊಟ್ಟು ಎದ್ದ. "ಬರ್ರಿ ಹಂಗಾರ, ಏಣಿ ಹಿಡಕೋರಿ. ಇಲ್ಲಿ ನೆಲಾ ಸರಿ ಇಲ್ಲ. ಬಿದ್ನೆಂದ್ರ ಆಮ್ಯಾಲ ಖರೇನೇ ದರ್ಗಾ ಕಟ್ಟಬೇಕಾಗ್ತದ."

ಪೂನಮಳಿಗೆ ನಗು ಬಂತು. ಬಂದ ಕೂಡಲೇ ಇದಕ್ಕೆ ನಗಬಹುದೇ ಅಂತ ಹೆದರಿಕೆಯೂ ಬಂತು. ಅವನು ಆಗಲೇ ಮೇಲೆ ಹತ್ತಿದ್ದ. ಮೊಬೈಲನ್ನು ಖಿಡಕಿಯ ಕಟ್ಟೆಯ ಮೇಲಿಟ್ಟು ಎರಡೂ ಕೈಯಿಂದ ಏಣಿ ಹಿಡಿದಳು. ಹಳದಿ ಚೌಕದ ಮೇಲೆ ಹಸಿರು ಹರಿಯಿತು. ಒಂದೆರಡು ಹನಿ ಅವಳ ತೋಳಿನ ಮೇಲೆ ಬಿದ್ದವು.

ಸ್ಕೂಟಿಯ ಸದ್ದಾಯಿತು. ಅಪ್ಪನ ಊಟದ ಡಬ್ಬಿ ಹಿಡಿದುಕೊಂಡು ಜೇಬಾ ಗೇಟಿನ ಹೊರಗೆ ನಿಂತಿದ್ದಳು. ಅವಳು ಗೋಡೆ ನೋಡಿದಳು, ಏಣಿಯ ಮೇಲಿನ ಅಪ್ಪನನ್ನು ನೋಡಿದಳು, ಕೆಳಗೆ ಪೂನಮಳನ್ನು ನೋಡಿದಳು. ಡಬ್ಬಿಯನ್ನು ಸ್ಕೂಟಿಯ ಸೀಟಿನ ಮೇಲಿಟ್ಟಳು. ಚೀಲದಿಂದ ಮೊಬೈಲು ತೆಗೆದು, ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಪೂನಮಳಿಗೆ ಮುಖ ಹ್ಯಾಂಗೆ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಏಣಿ ಬಿಡುವ ಹಾಗಿರಲಿಲ್ಲ. ಜೇಬಾ ಮೊಬೈಲು ಇಳಿಸಿದಳು, ತೆಗೆದದ್ದನ್ನು ಸ್ವಲ್ಪ ಹೊತ್ತು ನೋಡಿದಳು, ಏನೂ ಒತ್ತದೆ ಚೀಲದಲ್ಲಿ ಹಾಕಿಕೊಂಡಳು. ಆಮೇಲೆ ಡಬ್ಬಿ ಹಿಡಿದು, ಮೊಣಕೈಯಿಂದ ಗೇಟು ತಳ್ಳಿ ಒಳಗೆ ಬಂದಳು.